ಕಂಪ್ಯೂಟರ್ ರದ್ದು ಮಾಡಿದ ಕುಬಸ

“ಪ್ರೋಗ್ರಾಂ ಇಲ್ಲಂತ್ರೀ, ನಾಳಿ ಯಾರೂ ಬರಬ್ಯಾಡ್ರಿ!”

ಅತ್ತೆ ಫೋನಿನಲ್ಲಿ ಹೀಗೆ ಕೂಗುವುದು ಕೇಳಿ, ಕಂಪ್ಯೂಟರ್ ಮುಂದೆ ಕುಳಿತಿದ್ದ ನಾನು ಅಡುಗೆಮನೆಗೆ ಓಡಿದೆ. ಆ ಕಡೆ ಇದ್ದವರು ದೇವದುರ್ಗದ ಬೀಗರು. ಮರುದಿನ ಮಾನ್ವಿಯ ನಮ್ಮ ಮನೆಯಲ್ಲಿ ಅವರ ಸೊಸೆಯ, ಅಂದರೆ ಏಳು ತಿಂಗಳ ಬಸುರಿಯಾದ ನನ್ನ ನಾದಿನಿಯ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸವಿತ್ತು.

ತಪ್ಪು ನನ್ನ ಬಾಯಿಯದೇ. ಮೊಬೈಲಿನಿಂದ ಕಳಿಸಿದ ಫೋಟೊ ಮಬ್ಬಾಗುತ್ತದೆ, ಇಮೇಲ್ ಮಾಡಿ ಎಂದು ಬ್ಯಾನರ್ ಅಂಗಡಿಯವರು ಹೇಳಿದ್ದರು. ನಾದಿನಿಯ ಫೋಟೊ ಕಳಿಸಲು ಎಷ್ಟು ಸಲ ಒತ್ತಿದರೂ ಕಂಪ್ಯೂಟರ್ ‘ಡಿಫಾಲ್ಟ್ ಇಮೇಲ್ ಪ್ರೋಗ್ರಾಂ ಇಲ್ಲ’ ಎಂದೇ ತೋರಿಸುತ್ತಿತ್ತು. ತಲೆಕೆಟ್ಟು, “ಪ್ರೋಗ್ರಾಂ ಇಲ್ಲಂತ ಪ್ರೋಗ್ರಾಂ!” ಎಂದು ಜೋರಾಗಿ ಅಂದುಬಿಟ್ಟಿದ್ದೆ. ಅತ್ತೆಗೆ ಕೇಳಿಸಿದ್ದು ಅಷ್ಟೇ.

ಫೋನ್ ಕಸಿದುಕೊಂಡು, ಇಲ್ಲದಿರುವುದು ಫೋಟೊ ಕಳಿಸುವ ಪ್ರೋಗ್ರಾಂ, ಕುಬಸವಲ್ಲ ಎಂದು ವಿವರಿಸಿದೆ. ಬೀಗತಿಯ ಸಿಟ್ಟು ಇಳಿಯಲಿಲ್ಲ. “ಇನ್ನೂರು ಸಜ್ಜಿ ರೊಟ್ಟಿ ಬಡದು ಕುಂತೀವ್ರೀ. ಇವನ್ನ ನಿಮ್ಮ ಕಂಪ್ಯೂಟರಿಗೆ ತಿನಸ್ಬೇಕೇನು?”

ಆಮೇಲೆ ಸೆಟ್ಟಿಂಗ್ಸ್ ಹುಡುಕಿ, ಅಲ್ಲಿ ಒಂದು ಇಮೇಲ್ ಪ್ರೋಗ್ರಾಂ ಆರಿಸಿಕೊಟ್ಟೆ. ಫೋಟೊ ಒಂದೇ ಏಟಿಗೆ ಹೋಯಿತು. ಮರುದಿನ ಬ್ಯಾನರೂ ಬಂತು, ರೊಟ್ಟಿಯೂ ಬಂತು.

ಈಗ ಅತ್ತೆಗೆ ಬರೀ ಪಂಚಾಂಗ ಸಾಲುವುದಿಲ್ಲ. ಯಾವ ಕಾರ್ಯವಿರಲಿ, ಅಯ್ಯನವರು ಮುಹೂರ್ತ ಹೇಳಿ ಮುಗಿಸುತ್ತಿದ್ದಂತೆ ನನ್ನ ಕಡೆ ತಿರುಗುತ್ತಾರೆ: “ಕಂಪ್ಯೂಟರಿನ್ಯಾಗ ಪ್ರೋಗ್ರಾಂ ಅದನೋ ಇಲ್ಲೋ, ಒಂದೀಟು ನೋಡು ಬೇ.”