ಹದಿನಾರನೆಯ ಚುಕ್ಕಿ

ತೀರಿಕೊಂಡ ನನ್ನ ಹೆಂಡತಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ರಂಗೋಲಿಗಳನ್ನು, ವರ್ಷದ ಸ್ಮರಣೆಗೆ ಬರುವ ಹೆಣ್ಣುಮಕ್ಕಳಿಗೆ ಪುಸ್ತಕ ಮಾಡಿ ಕೊಡಬೇಕೆಂದಿದ್ದೆ. ಅವರು ಅದನ್ನು ನೋಡಿ ಅಂಗಳದಲ್ಲಿ ಹಾಕುವಂತಿರಬೇಕು, ಅಷ್ಟೇ ನನ್ನ ಆಸೆ. ಕೊಟ್ಟೂರಿನ ಡಿಟಿಪಿ ಅಂಗಡಿಯಾಕೆ ಎಲ್ಲವನ್ನೂ ಸ್ಕ್ಯಾನ್ ಮಾಡಿದ್ದಳು. ಪರದೆ ನೋಡಿದರೆ ಹಾಳೆಗಳೆಲ್ಲ ಕಂದುಬಣ್ಣಕ್ಕೆ ತಿರುಗಿ, ಮಡಿಕೆ ಬಿದ್ದು, ಚಹಾ ಚೆಲ್ಲಿದಂತಿದ್ದವು.

“ಇದೇನಮ್ಮ?”

“ಹಳೇ ಕಾಗದದ ಟೆಕ್ಸ್ಚರ್ ರೀ ಸರ್. ಹೋದೋರ ನೆನಪಿಗೆ ಎಲ್ಲಾರೂ ಹಿಂಗ ಮಾಡಿಸ್ತಾರ.”

“ಆ ನೋಟ್‌ಬುಕ್ ಎರಡು ವರ್ಷದ್ದೂ ಅಲ್ಲ. ಬೆಳ್ಳಗ ಐತಿ.”

“ಈಗ ನೂರು ವರ್ಷದ್ದಿದ್ದಂಗ ಕಾಣ್ತೈತಿ ನೋಡ್ರಿ. ಚೆಂದ ಇಲ್ಲೇನ್ರಿ?”

ಪರದೆಯತ್ತ ಬಾಗಿ ಚುಕ್ಕಿ ಎಣಿಸಿದೆ. ‘ಹದಿನೈದು ಚುಕ್ಕಿ’ ಎಂದು ಹೆಂಡತಿ ಬರೆದಿದ್ದ ಸಾಲಿನಲ್ಲಿ ಹದಿನೆಂಟಿದ್ದವು. ಕಾಗದದ ಕಲೆಗಳೂ ಚುಕ್ಕಿಗಳಂತೆಯೇ ಕಾಣುತ್ತಿದ್ದವು.

“ಇದನ್ನ ನೋಡಿ ಹಾಕಿದ್ರ ಗೆರಿ ಕೂಡೋದಿಲ್ಲಮ್ಮ.”

“ಅಯ್ಯ, ನಾನು ಕಾಗದ ನೋಡಿದ್ನೇ ಹೊರತು ಚುಕ್ಕಿ ನೋಡ್ಲಿಲ್ಲ ಬಿಡ್ರಿ,” ಎನ್ನುತ್ತ ಆಕೆ ಆ ಪದರವನ್ನೇ ತೆಗೆದಳು.

ಹಾಳೆ ಬೆಳ್ಳಗಾಯಿತು. ಮತ್ತೆ ಎಣಿಸಿದರೆ ಹದಿನಾರು. ನೋಟ್‌ಬುಕ್ ತೆರೆದು ನೋಡಿದೆ. ಅಲ್ಲೂ ಸಾಲಿನ ಕೊನೆಗೆ ಒಂದು ಹೆಚ್ಚಿತ್ತು. ಹೆಂಡತಿ ಲೆಕ್ಕ ತಪ್ಪಿದಳೋ, ಪೆನ್ನು ತಾಗಿತೋ, ಬೇಕೆಂದೇ ಇಟ್ಟಳೋ? ಅವಳನ್ನೇ ಕೇಳಬೇಕಿತ್ತು.

“ಅಳಿಸ್ಲೇನ್ರಿ ಸರ್?”

“ಬ್ಯಾಡ, ಇರ್ಲಿ.”

“ಹಾಕೋರಿಗೆ ತಿಳೀಬೇಕಲ್ರಿ!”

ಮಕ್ಕಳ ತಪ್ಪುಗಳಿಗೆ ಕೆಂಪು ಸುತ್ತು ಹಾಕುತ್ತಲೇ ಬಂದ ಮೇಷ್ಟರು ನಾನು. ಅಂದು ಪುಟದ ಕೆಳಗೆ ಒಂದೇ ಸಾಲು ಸೇರಿಸಲು ಹೇಳಿದೆ: ‘ಹದಿನಾರನೆಯ ಚುಕ್ಕಿಯನ್ನು ತಪ್ಪದೆ ಇಡಿ, ಯಾವುದಕ್ಕೂ ಕೂಡಿಸಬೇಡಿ.’