ಬಿರುಕಿಲ್ಲದ ಗೋಡೆ

ಬೆಟಗೇರಿಯಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಮನೆಗಳ ಪೈಕಿ ಯಾವುದಕ್ಕೆ ದುರಸ್ತಿ ಬೇಕೆಂದು ಪಟ್ಟಿ ಮಾಡುವ ಕೆಲಸ ನನ್ನದು. ಬಿರುಕಿನ ಫೋಟೊ ಇಲ್ಲದಿದ್ದರೆ ಹೆಸರು ಸೇರಿಸುವಂತಿಲ್ಲ. ಫೋಟೊ ತೆಗೆಯಲು ಬರುತ್ತೇನೆಂದು ಹಿಂದಿನ ವಾರ ತಿಳಿಸಲು ಹೋದಾಗ ಮಾಬೂಬಿಯವರ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕಿತ್ತು. ಈ ವಾರ ಫೋಟೊಗೆಂದು ಹೋದರೆ ಅಲ್ಲಿ ಸಿಮೆಂಟ್ ಮೆತ್ತಿ, ಮೇಲೆ ಸುಣ್ಣ ಬಳಿದಿದ್ದರು.

“ಯಾಕ ಮುಚ್ಚೀರಿ ಅಮ್ಮಾ?”

“ಸಾಹೇಬ್ರು ಬರ್ತಾರಂದ್ರ ಹಂಗ ಬಿಡಾಕ ಆಕೈತೇನ್ರಿ? ಕುಂಡ್ರಿ, ಚಾ ಕುಡೀರಿ.”

“ಒಂಚೂರು ಕೆರದು ತೋರಸ್ರಿ. ಇಲ್ಲಂದ್ರ ದುರಸ್ತಿ ಸಿಗಂಗಿಲ್ಲ.”

“ಬಂದವ್ರ ಮುಂದ ನನ್ನ ಮನಿ ನಾನ ಕೆಡವಲೇನ್ರಿ?”

ಚಹಾ ಕುಡಿದೆ. ಮೊಬೈಲಿನಲ್ಲಿ ‘ಸುಸ್ಥಿತಿ’ ಎಂದು ಒತ್ತಿದೆ. ಗೋಡೆ ಈಗಲೂ ಹೊರಕ್ಕೆ ವಾಲಿಕೊಂಡಿದೆ. ನಮ್ಮ ಯೋಜನೆಯ ಹೆಸರಿನಲ್ಲಿ ಆ ಓಣಿಯಲ್ಲಿ ಈವರೆಗೆ ನಡೆದ ದುರಸ್ತಿ ಆಕೆ ಮಾಡಿದ್ದೊಂದೇ.