ಅತ್ತೆ ಮುದ್ರಿಸಿದ ಕೆರೆ

ನನ್ನ ಸೋದರತ್ತೆ ಮೂವತ್ತೊಂದು ವರ್ಷ ಸ್ಟುಡಿಯೊವೊಂದರ ಕತ್ತಲ ಕೋಣೆಯಲ್ಲಿ ಬೇರೆಯವರು ತೆಗೆದ ಫೋಟೊಗಳನ್ನು ಮುದ್ರಿಸಿದರು. ಮುದ್ರಿಸಿದವರ ಗುರುತು ಎಲ್ಲೂ ಕಾಣಬಾರದು, ಅದೇ ಒಳ್ಳೆಯ ಕೆಲಸ ಎಂಬುದು ಅಲ್ಲಿನ ಕಾನೂನು. ರಜೆಯ ದಿನ ಮಾತ್ರ ಮರದ ದೊಡ್ಡ ಕ್ಯಾಮೆರಾ ಹೊತ್ತು ಊರಾಚೆಯ ಕೆರೆಗೆ ಹೋಗುತ್ತಿದ್ದರು. "ಇವಳಿಗೆ ಕೆರೆ ಹುಚ್ಚು" ಎಂದು ಮಾವ ನಗುತ್ತಿದ್ದರು. ಹುಚ್ಚು ಯಾರದು ಎಂದು ನಮಗೆ ಆಮೇಲೆ ಗೊತ್ತಾಯಿತು.

ನಿವೃತ್ತಿಯಾದ ವರ್ಷ ಒಂದು ಪ್ರದರ್ಶನದವರು ಆ ಕೆರೆಯ ಚಿತ್ರವನ್ನು ಆರಿಸಿದರು. ಮೊದಲ ಸಲ ಅತ್ತೆಯ ಹೆಸರಿನಲ್ಲೇ ಒಂದು ಚಿತ್ರ ಗೋಡೆಗೇರಬೇಕಿತ್ತು. ಗಡುವು ಎಂಟು ದಿನ. ಮುದ್ರಿಸಲು ಅವರು ಜೋಪಾನ ಮಾಡಿದ್ದ ಹಳೆಯ ಫೋಟೊ ಕಾಗದ ಒಂದೇ ಪೆಟ್ಟಿಗೆ ಉಳಿದಿತ್ತು. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳಾಗಿದ್ದವು. ಪೆಟ್ಟಿಗೆ ಮುಟ್ಟಿದ ಮಾವನಿಗೆ ತೇವ ಅನ್ನಿಸಿತು. ಬೆಳಕು ಸೋಕಿದರೆ ಕೆಡುವ ಆ ಹಾಳೆಗಳನ್ನು ಒಂದೊಂದಾಗಿ ಮಹಡಿಯ ಮೇಲೆ ಬಿಸಿಲಿಗೆ ಹರವಿದರು. ಹಾರಿಹೋಗದಂತೆ ಕಲ್ಲು ಬೇರೆ!

"ಹಾಳಾಗ್ಬಾರ್ದು ಅಂತಲೇ ಮಾಡ್ದೆ ಕಣೇ" ಎಂದರು ಮಾವ.

ಅತ್ತೆ ಕೆಟ್ಟುಹೋದ ಹಾಳೆಗಳನ್ನು ಒಂದೊಂದಾಗಿ ಆಯ್ದು ಪೆಟ್ಟಿಗೆಗೆ ತುಂಬಿದರು. ಅವರ ಪಾಲಿನ ಬೈಗುಳವನ್ನೂ ನಾನೇ ಬೈದೆ. ಮರುದಿನ ಅವರು ಟೊಂಕ ಕಟ್ಟಿ ನಿಂತರು. "ಕಾರ್ಖಾನೆ ಬರೋಕ್ಮುಂಚೆ ಜನ ಚಿತ್ರ ಮಾಡ್ತಿರ್ಲಿಲ್ವಾ? ಉಪ್ಪು ತನ್ನಿ."

ದಪ್ಪ ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿ, ಮಂದ ಬೆಳಕಿನಲ್ಲಿ, ಬಿಸಿಲಿಗೆ ಕಪ್ಪಾಗುವ ಬೆಳ್ಳಿಯ ದ್ರಾವಣವನ್ನು ಕುಂಚದಿಂದ ಬಳಿದು, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೆ ಒಡ್ಡುವುದು. ಮೊದಲನೆಯದು ಬರೀ ಮಸಿ. ಎರಡನೆಯದರಲ್ಲಿ ಕೆರೆಯೇ ಇಲ್ಲ. ಐದನೆಯದರ ಆಕಾಶದ ತುಂಬ ಕಲೆ. ಅತ್ತೆಯ ಬೆರಳುಗಳು ಕಪ್ಪಾದವು.

"ಸಾಕು ಬಿಡೇ" ಎಂದರು ಬಿಸಿಲಿನ ನಿಮಿಷ ಎಣಿಸುತ್ತಿದ್ದ ಮಾವ.

"ನೀವು ಗಡಿಯಾರ ನೋಡಿ, ನನ್ನ ಮುಖ ಅಲ್ಲ."

ಏಳನೆಯ ದಿನ, ಹನ್ನೊಂದನೆಯ ಹಾಳೆಯಲ್ಲಿ ಕೆರೆ ಬಂತು. ಕಂದು ನೀರು, ದಡದ ಜೊಂಡು ಎಳೆಎಳೆಯಾಗಿ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅದನ್ನು ತೊಳೆಯಲು ಒಳಗೆ ಹೋದರು.

ಪ್ರದರ್ಶನದ ಮೇಲ್ವಿಚಾರಕರು ಚಿತ್ರವನ್ನು ಮನಸಾರೆ ಮೆಚ್ಚಿದರು. ಆದರೆ ಸುತ್ತಲಿನ ಅಂಚಿನಲ್ಲಿ ಕುಂಚ ಎಳೆದ ಒರಟು ಗೆರೆಗಳು ಉಳಿದಿದ್ದವು.

"ಇದಿಷ್ಟನ್ನ ಚೌಕಟ್ಟಲ್ಲಿ ಮುಚ್ಚಿಬಿಡೋಣ್ವಾ, ಅಮ್ಮಾ? ನೀಟಾಗಿರುತ್ತೆ."

ಅತ್ತೆ ಚಿತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬೇಡ. ಕಾಣ್ಲಿ. ಅದು ನನ್ನ ಕೈ."